ನಾನು ಒತ್ತದ ಗೊಂಬೆ

ಸತ್ತವರು ಬಂದು ಹೋದ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕಾನ್ವೆಂಟ್‌ನಲ್ಲಿ ಸಿಸ್ಟರ್‌ಗಳು ಅಂಥದ್ದಕ್ಕೆಲ್ಲ ‘ನಾನ್‌ಸೆನ್ಸ್’ ಎನ್ನುತ್ತಿದ್ದರು. ನಾನೂ ಅದನ್ನೇ ಹೇಳಿಕೊಂಡು ಮುದುಕಿಯಾದೆ. ಈಗಲೂ ನಂಬುತ್ತೇನೆಂದಲ್ಲ. ನನಗಿರುವುದು ಕೋಪ.

ಮೂರು ವರ್ಷದ ಹಿಂದೆ ಬಲಗೈಯಿಂದ ಕಾಫಿ ಲೋಟ ಎರಡು ಸಲ ಜಾರಿತು. ಮೂಡಿಗೆರೆಯ ಡಾಕ್ಟರು ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಕುತ್ತಿಗೆಯ ಎಡಗಡೆ, ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಿತ್ತು. ಸ್ಕ್ಯಾನ್‌ನಲ್ಲಿ ಮಿದುಳಿನ ಬಲಭಾಗ ಕೆಂಪು ಹಸಿರಾಗಿ ತುಂಬಿದ್ದರೆ ಎಡಭಾಗ ಬರೀ ನೀಲಿ. ಬಲಗೈಯನ್ನು ಆಡಿಸುವ ಆ ಭಾಗಕ್ಕೆ ರಕ್ತ ತಡವಾಗಿ, ಕಮ್ಮಿ ಬರುತ್ತಿದೆಯಂತೆ. ಅಲ್ಲಿನ ಡಾಕ್ಟರು ಇದನ್ನು ವಿವರಿಸಿದ್ದು ನನಗಲ್ಲ, ಜೊತೆಗಿದ್ದ ಅಕ್ಕನ ಮಗನಿಗೆ.

“ಮಿದುಳು ನನ್ನದು, ನನಗೆ ಹೇಳಿ,” ಎಂದೆ.

“ಚಿಕ್ಕಮ್ಮ, ಬಿಪಿ ಏರುತ್ತೆ, ಸುಮ್ನಿರಿ ನೀವು,” ಎಂದ ಅವನು.

ಇದು ಹೊಸದೇನಲ್ಲ. ತೀರಿಹೋದ ನನ್ನ ಯಜಮಾನರು ನಲವತ್ತು ವರ್ಷ ನನ್ನ ಉತ್ತರಗಳನ್ನೆಲ್ಲ ತಾವೇ ಕೊಟ್ಟವರು. ತವರಿನಿಂದ ಬಂದ ತೋಟ ಮಾರುವಾಗ ಲೆಕ್ಕಪತ್ರ ಬರೆಯುವ ಎಸ್ಟೇಟ್ ರೈಟರ್ ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವ ಮೊದಲೇ, “ಅಮ್ಮಾವ್ರು ಒಪ್ಪಿದಾರೆ ಮಾರಾಯ, ಬರ್ಕೋ,” ಎಂದರು ಯಜಮಾನರು. ತೋಟದ ತಿರುವಿನಲ್ಲಿ ಅವರ ಜೀಪಿನ ಹಾರ್ನ್ ಎರಡು ಗಿಡ್ಡ, ಒಂದು ಉದ್ದ ಕೇಳಿದರೆ ನಾನು ಕಾಫಿ ಇಡಬೇಕು. ಆ ಗುರುತು ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಕಟ್ಟಿದ ನಾಳವನ್ನು ತೆರೆದಿಡಲು ಸ್ಟೆಂಟ್ ಹಾಕುವಾಗ ನನಗೆ ಎಚ್ಚರವಿತ್ತು. ಬಲಗೈಗೆ ಮಕ್ಕಳಾಟದ ರಬ್ಬರ್ ಬಾತುಕೋಳಿ ಕೊಟ್ಟರು, ಒತ್ತಿದರೆ ಕೀಂಯ್ ಎನ್ನುವಂಥದ್ದು.

“ಆಂಟಿ, ನಾಳದೊಳಗೆ ಬಲೂನ್ ಉಬ್ಬಿಸಿದಾಗ ಸ್ವಲ್ಪ ಹೊತ್ತು ಮಿದುಳಿನ ಆ ಕಡೆ ರಕ್ತ ನಿಲ್ಲುತ್ತೆ. ನಾನು ಹೇಳ್ದಾಗ ಒಂದು ಸಲ ಒತ್ತಿ. ಸದ್ದು ಬರ್ಲಿಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸ್ತೀವಿ,” ಎಂದರು ಡಾಕ್ಟರು. ಕೊನೆಗೂ ಒಂದು ಪ್ರಶ್ನೆ ನನಗೇ ಬಂದಿತ್ತು.

ಬಲೂನ್ ಉಬ್ಬಿತು. “ಒತ್ತಿ,” ಎಂದರು. ನಾನು ಒತ್ತಲಿಲ್ಲ. ಕೈಲಾಗಲಿಲ್ಲ ಎಂದರೆ ಸುಳ್ಳಾದೀತು. ಮುಂದುವರಿಯಲೋ, ಸಾಕೆನ್ನಲೋ ಎಂದು ಯೋಚಿಸುತ್ತಿದ್ದೆ. ಬೆರಳುಗಳು ಸಡಿಲವಾಗಿಯೇ ಇದ್ದವು. ಆಗ ಬಾತುಕೋಳಿ ಕೂಗಿತು. ಎರಡು ಗಿಡ್ಡ, ಒಂದು ಉದ್ದ.

“ಒಂದು ಕೇಳಿದ್ರೆ ಮೂರು ಕೊಟ್ರಲ್ಲ ಆಂಟಿ,” ಎಂದು ನಗುತ್ತ ಡಾಕ್ಟರು ಕೆಲಸ ಮುಗಿಸಿದರು. ಯಜಮಾನರು ಹೋದ ಮೇಲೆ ಏಳು ವರ್ಷದಿಂದ ಕೇಳದ ಹಾರ್ನ್ ಅದು. ಕೇಳಿದ ಕೂಡಲೇ ಎದ್ದು ಕಾಫಿ ಇಡಬೇಕೆನಿಸಿತಲ್ಲ, ಅದಕ್ಕೂ ನನಗೆ ಕೋಪ.

ಆಮೇಲಿನ ಸ್ಕ್ಯಾನ್‌ನಲ್ಲಿ ಎಡಭಾಗವೂ ಬಲದಷ್ಟೇ ತುಂಬಿತ್ತು. ಲೋಟ ಈಗ ಜಾರುವುದಿಲ್ಲ. ರಿಪೋರ್ಟಿನಲ್ಲಿ ಮಾತ್ರ ‘ಪೇಷಂಟ್ ಸೂಚನೆಗೆ ಸರಿಯಾಗಿ ಸ್ಪಂದಿಸಿದರು’ ಎಂದಿದೆ. ಐ ವಾಸ್ ಫ್ಯೂರಿಯಸ್. ಅದನ್ನು ತಿದ್ದಿ ಎಂದೆ. ರಕ್ತ ಕಮ್ಮಿಯಾದಾಗ ಏನೇನೋ ಅನಿಸುತ್ತದೆ ಎಂದರು ಡಾಕ್ಟರು. ಇರಬಹುದು. ಕೈ ತಾನೇ ಒತ್ತಿಕೊಂಡಿರಲೂಬಹುದು. ಆದರೆ ಎರಡು ಗಿಡ್ಡ, ಒಂದು ಉದ್ದ ಎಂದೇ ಯಾಕೆ ಒತ್ತಬೇಕು?

ಬದುಕಿದ್ದಕ್ಕೆ ನನಗೆ ಬೇಸರವಿಲ್ಲ. ಈ ಒಂದು ಉತ್ತರವನ್ನಾದರೂ ಅವರು ನನಗೆ ಬಿಟ್ಟಿದ್ದರೆ ಬಹುಶಃ ನಾನೇ ಒತ್ತುತ್ತಿದ್ದೆ. ಒತ್ತುತ್ತಿದ್ದೆನೋ ಇಲ್ಲವೋ, ಇನ್ನರ್ಧ ನಿಮಿಷ ಕೊಟ್ಟಿದ್ದರೆ ನನಗೂ ಗೊತ್ತಾಗುತ್ತಿತ್ತು.