ಅವರು ಹುದುಗಿಸಿಟ್ಟ ಬಿಯರ್

ನನ್ನ ಗಂಡ ತೀರಿಕೊಂಡಾಗ ಗಲ್ಫಿನಲ್ಲಿ, ಮಹಬೂಲಾದ ನಮ್ಮ ಫ್ಲ್ಯಾಟಿನ ಎರಡನೆಯ ಬಚ್ಚಲಲ್ಲಿ ಇಪ್ಪತ್ತು ಲೀಟರ್ ಬಿಯರ್ ಹುದುಗುತ್ತಿತ್ತು. ಇದನ್ನು ನಾನು ಊರಿನಲ್ಲಿ ಯಾರಿಗೂ ಹೇಳಿಲ್ಲ. ಅತ್ತೆಗಂತೂ ಹೇಳುವ ಹಾಗೇ ಇರಲಿಲ್ಲ, ತಂಗಿಗೂ ಹೇಳಲಿಲ್ಲ. ಅವರು ಕುಡುಕರಾಗಿದ್ದರು ಎಂದು ಜನ ತಿಳಿದುಕೊಂಡಾರು ಎಂಬ ಭಯ. ನಿಜ ಹೇಳಬೇಕೆಂದರೆ, ಅವರು ಒಂದು ಲೋಟದ ಮೇಲೆ ಕುಡಿದದ್ದನ್ನು ನಾನು ನೋಡಿಯೇ ಇಲ್ಲ. ಅವರಿಗೆ ಬೇಕಾಗಿದ್ದದ್ದು ಮಾಡುವುದು, ಕುಡಿಯುವುದಲ್ಲ.

ಅವರು ಸಿವಿಲ್ ಇಂಜಿನಿಯರ್. ದಕ್ಷಿಣದ ಕಡೆ ಒಂದು ಗುತ್ತಿಗೆದಾರ ಕಂಪನಿಯ ಸೈಟಿನಲ್ಲಿ ಕೆಲಸ. ಹೆಸರಿಗೆ ಇಂಜಿನಿಯರ್, ದಿನವಿಡೀ ಬೇರೆಯವರು ಮಾಡಿದ ನಕ್ಷೆಗೆ ಸಹಿ, ಬೇರೆಯವರು ಮಾಡಿದ ತಪ್ಪಿಗೆ ಇಮೇಲಿನಲ್ಲಿ ಉತ್ತರ. ಕೊರೊನಾ ಕಾಲದಲ್ಲಿ ಮಹಬೂಲಾವನ್ನು ಮುಳ್ಳುತಂತಿ ಹಾಕಿ ಮುಚ್ಚಿದಾಗ ತಿಂಗಳುಗಟ್ಟಲೆ ಮನೆಯಲ್ಲೇ ಇದ್ದರು. ಆಗ ಯಾವುದೋ ವೀಡಿಯೊ ನೋಡಿ ಈ ಹುಚ್ಚು ಹಿಡಿಯಿತು. ತಂತಿ ತೆಗೆದರು, ಆಫೀಸು ತೆರೆಯಿತು, ಹುಚ್ಚು ಮಾತ್ರ ಬಿಡಲಿಲ್ಲ.

ಅವರಿಗೆ ಮಾಲ್ಟ್ ಎಕ್ಸ್‌ಟ್ರಾಕ್ಟ್ ಎಂಬ ಬಾರ್ಲಿಯ ಪಾಕ ತಂದುಕೊಡುತ್ತಿದ್ದವರು ನಮ್ಮ ಕೆಳಗಿನ ಮನೆಯವರು. ಉಡುಪಿ ಕಡೆಯವರು, ಹತ್ತಿರದ ಫಹಾಹೀಲಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಬ್ರೆಡ್ಡಿಗೆ ಬಣ್ಣ, ಸಿಹಿ ಬರಲಿ ಎಂದು ಹೋಟೆಲಿನ ಬೇಕರಿಗೆ ಅದು ಡಬ್ಬದಲ್ಲಿ ಬರುತ್ತಿತ್ತು. ಜೇನುತುಪ್ಪಕ್ಕಿಂತ ಗಟ್ಟಿ, ಚಮಚ ನಿಲ್ಲಿಸಿದರೆ ನಿಂತೇ ಇರುತ್ತಿತ್ತು. ಯೀಸ್ಟಿನ ಪೊಟ್ಟಣಗಳನ್ನು ನಮ್ಮವರು ಬೆಂಗಳೂರಿನಿಂದ ಕಾಲುಚೀಲದಲ್ಲಿ ಸುತ್ತಿ ತಂದಿದ್ದರು. ಹಾಪ್ಸ್ ಎಂಬ ಕಹಿ ಹೂವನ್ನು ಯಾರೋ ಸಹೋದ್ಯೋಗಿ ಗಿಡಮೂಲಿಕೆ ಚಹಾ ಎಂದು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಿದ್ದರಂತೆ.

ಮಾಡುವ ದಿನ ಶುಕ್ರವಾರ. ಹಬ್ಬಕ್ಕೆ ನಾನು ಬಿಸಿಬೇಳೆಭಾತ್ ಮಾಡುವ ಕೊಳದಪ್ಪಲೆಯಲ್ಲಿ ನೀರು ಕಾಯಿಸುತ್ತಿದ್ದರು. ಆ ಪಾಕ ಸುರಿಯುವ ಮುಂಚೆ ಒಲೆ ಆರಿಸಲೇಬೇಕು. ತಳ ಹಿಡಿದರೆ ಬಣ್ಣ ಕಪ್ಪಾಗುತ್ತದೆ, ಅವರಿಗೆ ಬೇಕಾದದ್ದು ತಿಳಿ ಹೊಂಬಣ್ಣ. ಮೊದಲ ಎರಡು ಸಲ ಕಾಫಿ ಡಿಕಾಕ್ಷನ್ನಿನ ಬಣ್ಣ ಬಂದು ಮುಖ ಸಪ್ಪೆ ಮಾಡಿಕೊಂಡಿದ್ದರು. ಕುದಿ ಬಂದಾಗ ನೊರೆ ಉಕ್ಕಿ ಒಲೆಯೆಲ್ಲ ಅಂಟು. ಆಮೇಲೆ ಹೂವನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡುವುದು, ಸ್ನಾನದ ತೊಟ್ಟಿಯಲ್ಲಿ ಐಸ್ ತುಂಬಿ ಪಾತ್ರೆಯನ್ನು ತಣಿಸುವುದು, ಮುಚ್ಚಳದ ಬಕೆಟ್ಟಿಗೆ ಸುರಿದು ಮೇಲೆ ಯೀಸ್ಟ್ ಉದುರಿಸುವುದು. ಮುಚ್ಚಳದಲ್ಲಿ ನೀರು ತುಂಬಿದ ಒಂದು ಪುಟ್ಟ ಪ್ಲಾಸ್ಟಿಕ್ ಕೊಳವೆ. ಒಳಗಿನ ಗಾಳಿ ಅದರಿಂದ ಗುಳುಗುಳು ಎಂದು ಹೊರಬರುತ್ತಿತ್ತು.

"ನೀನು ದಿನಾ ದೋಸೆ ಹಿಟ್ಟು ಹುದುಗಿಸ್ತೀಯ, ನಾನು ಎರಡು ವಾರ ಹುದುಗಿಸ್ತೀನಿ. ಅಷ್ಟೇ ಕಣೇ ವ್ಯತ್ಯಾಸ," ಎನ್ನುತ್ತಿದ್ದರು.

"ದೋಸೆ ಹಿಟ್ಟಿಗೆ ಯಾರನ್ನೂ ಜೈಲಿಗೆ ಹಾಕಲ್ಲ ರೀ," ಎನ್ನುತ್ತಿದ್ದೆ ನಾನು.

ನನ್ನ ಭಯ ಸುಳ್ಳಾಗಿರಲಿಲ್ಲ. ಆ ದೇಶದಲ್ಲಿ ಅದು ಅಪರಾಧ. ಸಿಕ್ಕಿಬಿದ್ದರೆ ಜೈಲು, ಆಮೇಲೆ ಮತ್ತೆ ಬರದ ಹಾಗೆ ಬೆರಳಚ್ಚು ತೆಗೆದುಕೊಂಡು ಊರಿಗೆ ಅಟ್ಟುತ್ತಾರೆ. ನನ್ನ ಮತ್ತು ಮಗಳ ಇಕಾಮಾ, ಎಂದರೆ ಅಲ್ಲಿ ವಾಸಿಸುವ ಪರವಾನಗಿ, ಅವರ ಹೆಸರಿನ ಮೇಲೆ. ಅವರು ಹೋದರೆ ನಾವೂ ಹೋದ ಹಾಗೇ. ಕಾಲಿಂಗ್ ಬೆಲ್ ಆದಾಗಲೆಲ್ಲ ಮೊದಲು ಆ ಬಚ್ಚಲ ಬಾಗಿಲು ಮುಚ್ಚಿ ಬರುತ್ತಿದ್ದೆ. ಅವರು ತೀರಿಕೊಂಡ ಬೇಸಿಗೆಯಲ್ಲಿ ಬೇರೆ ಯಾವುದೋ ಕಟ್ಟಡದಲ್ಲಿ ಪೊಲೀಸರು ಹುಡುಕಾಟ ನಡೆಸಿದ ಸುದ್ದಿ ಬಂತು. ನಾನು ಅವರೆದುರು ನಿಂತು, "ಈ ಬಕೆಟ್ ಇರಬೇಕು, ಇಲ್ಲ ನಾನಿರಬೇಕು. ಯೋಚನೆ ಮಾಡಿ ಹೇಳಿ," ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಬಚ್ಚಲ ಬಾಗಿಲು ಮುಚ್ಚಿದರು. ಆಮೇಲೆ ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಒಳಗೆ ಹೋಗುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಕಂಪನಿಯಿಂದ ಫೋನ್ ಬಂತು. ಸೈಟ್ ಆಫೀಸಿನಲ್ಲಿ ಕುರ್ಚಿಯಿಂದ ಏಳಲು ಹೋದವರು ಹಾಗೇ ಕುಸಿದರಂತೆ. ಟ್ಯಾಕ್ಸಿ ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ, ಎಂದರು. ವಯಸ್ಸು ನಲವತ್ತೇಳು. ಅವರ ಅಂಗಿಯ ಜೇಬಿನಲ್ಲಿದ್ದ ಪೆನ್ನು, ಕನ್ನಡಕ, ಗಡಿಯಾರವನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಊಟದ ಡಬ್ಬಿ ಸೈಟಿನಲ್ಲೇ ಉಳಿಯಿತು. ಅದು ಏನಾಯಿತೋ ಗೊತ್ತಿಲ್ಲ.

ಆ ದಿನ ಹೇಗೆ ಕಳೆಯಿತೆಂದು ನನಗೆ ನೆನಪಿಲ್ಲ. ಮಾರನೆಯ ಬೆಳಿಗ್ಗೆಯದು ಚೆನ್ನಾಗಿ ನೆನಪಿದೆ. ಎಂಟು ಗಂಟೆಗೆ ಕೆಳಗಿನ ಮನೆಯವರು ಬಂದರು. ಸೋಫಾದ ತುದಿಯಲ್ಲಿ ಕೂತು ಕೈ ಹೊಸೆಯುತ್ತ, "ಅಕ್ಕ, ಈಗ ಹೇಳುದು ಸರಿ ಅಲ್ಲ. ಆದ್ರೆ ಹೇಳದಿದ್ರೆ ಆಗುದಿಲ್ಲ," ಅಂದರು.

"ಹೇಳಿ."

"ಕಂಪನಿಯ ಮಂದೂಬ್ ಹತ್ತು ಗಂಟೆಗೆ ಬರ್ತಾನಂತೆ. ಪಾಸ್‌ಪೋರ್ಟು, ಸಿವಿಲ್ ಐಡಿ ಎಲ್ಲ ಬೇಕು, ಬಾಡಿ ಕಳಿಸುವ ಕಾಗದಕ್ಕೆ. ಆಮೇಲೆ ನಮ್ಮ ಜನ ಎಲ್ಲ ಬರ್ತಾರೆ. ಅದೊಂದು ಒಳಗೆ ಉಂಟಲ್ಲ..."

ಮಂದೂಬ್ ಎಂದರೆ ಸರ್ಕಾರಿ ಕಚೇರಿಗಳಲ್ಲಿ ಕಂಪನಿಯ ಪರವಾಗಿ ಓಡಾಡುವ ಮನುಷ್ಯ. ಅವನ ಮಾತು ಬಂದಾಗಲೇ ನನಗೆ ಆ ಬಕೆಟ್ ನೆನಪಾದದ್ದು. ಆ ಒಂದು ದಿನ ಅದನ್ನು ಪೂರ್ತಿ ಮರೆತಿದ್ದೆ.

ಕೆಳಗಿನ ಮನೆಯವರು ಪಾಕದ ಖಾಲಿ ಡಬ್ಬಗಳನ್ನು ಕಪ್ಪು ಚೀಲಕ್ಕೆ ತುಂಬಿಕೊಂಡರು. ಡಬ್ಬಗಳ ಮೇಲೆ ಅವರ ಹೋಟೆಲಿನ ಹೆಸರಿನ ಚೀಟಿ ಇತ್ತು. ಉಗುರಿನಿಂದ ಅದನ್ನು ಕೆರೆಯಲು ನೋಡಿದರು, ಬರಲಿಲ್ಲ. ನನಗೆ ಸಹಾಯ ಮಾಡಲು ಬಂದರೋ, ತಮ್ಮ ತಲೆ ಉಳಿಸಿಕೊಳ್ಳಲು ಬಂದರೋ ಎಂದು ಒಂದು ಕ್ಷಣ ಅನ್ನಿಸಿತು. ಎರಡೂ ಇದ್ದೀತು. ಅವರ ಮನೆಯಲ್ಲೂ ಇಬ್ಬರು ಚಿಕ್ಕ ಮಕ್ಕಳಿದ್ದರು. ಆದರೆ ಚೀಲ ಕಟ್ಟುವಾಗ ಆ ಮನುಷ್ಯ ಬಿಕ್ಕಿಬಿಕ್ಕಿ ಅತ್ತದ್ದು ನಟನೆಯಲ್ಲ.

"ಸಾರ್ ಈ ಸಲದ್ದು ಬಾರೀ ಚೆಂದ ಬಂದಿದೆ ಅಂತ ಹೇಳಿದ್ರು. ಇನ್ನು ಎರಡು ದಿವಸಕ್ಕೆ ಬಾಟ್ಲಿಗೆ ತುಂಬ್ಸುದು ಅಂತ," ಎಂದು ಚೀಲ ಹೊತ್ತುಕೊಂಡು ಇಳಿದು ಹೋದರು.

ಬಕೆಟ್ಟನ್ನು ನಾನೇ ನೋಡಿಕೊಳ್ಳುತ್ತೇನೆ ಎಂದಿದ್ದೆ. ಬಚ್ಚಲಿಗೆ ಹೋಗಿ ದೀಪ ಹಾಕಿದೆ. ಕೊಳವೆಯಲ್ಲಿ ಇನ್ನೂ ಗುಳ್ಳೆ ಬರುತ್ತಿತ್ತು. ಮೊದಲಿನಂತೆ ಸತತವಾಗಿ ಅಲ್ಲ. ಒಂದು ಬಂದು, ಬಹಳ ಹೊತ್ತು ಸುಮ್ಮನಿದ್ದು, ಇನ್ನೊಂದು. ಮಾಡಿದವರು ಶವಾಗಾರದಲ್ಲಿ ಮಲಗಿದ್ದಾರೆ, ಇದು ತನ್ನ ಪಾಡಿಗೆ ಉಸಿರಾಡುತ್ತಿದೆ. ನನಗೆ ಅದರ ಮೇಲೆ ಎಂಥ ಸಿಟ್ಟು ಬಂತೆಂದರೆ ಮುಚ್ಚಳವನ್ನು ಕಿತ್ತೇ ತೆಗೆದೆ.

ಬ್ರೆಡ್ಡಿನಂಥ, ಸ್ವಲ್ಪ ಹುಳಿಯಾದ ವಾಸನೆ. ನೊರೆ ಇಳಿದು ಬಕೆಟ್ಟಿನ ಗೋಡೆಗೆ ಕಂದು ಗೆರೆಯಾಗಿ ಒಣಗಿತ್ತು. ಮಗ್ಗಿನಲ್ಲಿ ಮೊಗೆದು ಮೋರಿಗೆ ಸುರಿಯತೊಡಗಿದೆ. ಬಿಸಿಲಿಗೆ ಒಣಗಿದ ಭತ್ತದ ಹುಲ್ಲಿನ ಬಣ್ಣ, ಅಷ್ಟು ತಿಳಿ. ಕೊನೆಗೂ ಅವರಿಗೆ ಬೇಕಾದ ಬಣ್ಣ ಬಂದಿತ್ತು. ಆರನೆಯದೋ ಏಳನೆಯದೋ ಮಗ್ಗು ಸುರಿಯುತ್ತಿದ್ದಾಗ ಹಿಂದಿನಿಂದ ಮಗಳು ಕೂಗಿದಳು.

"ಅಮ್ಮಾ, ಸ್ಟಾಪ್! ವಾಟ್ ಆರ್ ಯೂ ಡೂಯಿಂಗ್?"

ಆಗ ಅವಳಿಗೆ ಹದಿನಾಲ್ಕು. ರಾತ್ರಿಯಿಡೀ ಅತ್ತು ಮುಖ ಊದಿತ್ತು. ಕೈಯಲ್ಲಿ ಶಾಲೆಯ ಒಂದು ನೋಟ್‌ಬುಕ್.

"ಜನ ಬರ್ತಾರೆ ಪುಟ್ಟಾ. ಇದು ಇರಬಾರದು."

"ಇಟ್ಸ್ ಅಪ್ಪಾಸ್! ಇಟ್ಸ್ ನಾಟ್ ಯುವರ್ಸ್!" ಎಂದು ನನ್ನ ಕೈಯಿಂದ ಮಗ್ಗು ಕಿತ್ತುಕೊಳ್ಳಲು ಬಂದಳು. ಮಗ್ಗು ಜಾರಿ ಇಬ್ಬರ ಬಟ್ಟೆಯ ಮೇಲೂ ಚೆಲ್ಲಿತು. ನಾನು ಅವಳ ಕೆನ್ನೆಗೆ ಹೊಡೆದೆ. ಅಪ್ಪ ಸತ್ತ ಮಾರನೆಯ ದಿನ, ಅಷ್ಟು ದೊಡ್ಡ ಮಗಳಿಗೆ, ನಾನು ಹೊಡೆದೆ.

ಅವಳು ಅಳಲಿಲ್ಲ. ನೋಟ್‌ಬುಕ್ ಕೆಳಗೆ ಬಿದ್ದಿತ್ತು. ಎತ್ತಿಕೊಟ್ಟಾಗ ತೆರೆದ ಪುಟ ಕಂಡಿತು. ಬೆಳಿಗ್ಗೆ, ಸಂಜೆ, ಬಚ್ಚಲಿನ ಉಷ್ಣಾಂಶ. ಒಂದು ನಿಮಿಷಕ್ಕೆ ಎಷ್ಟು ಗುಳ್ಳೆ. ಪಕ್ಕದಲ್ಲಿ ಅವರ ಅಕ್ಷರದಲ್ಲಿ ಒಂದೆರಡು ಪದ. ಹನ್ನೊಂದು ದಿನಗಳ ಲೆಕ್ಕ ಇತ್ತು. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಅವಸರ ಮಾಡುತ್ತಿದ್ದಾಗ, ಸಂಜೆ ನಾನು ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಗ, ಅಪ್ಪ ಮಗಳು ಆ ಬಚ್ಚಲಲ್ಲಿ ಕೂತು ಗುಳ್ಳೆ ಎಣಿಸುತ್ತಿದ್ದರು. ಮನೆಯೊಳಗೇ ಇದ್ದ ನನಗೆ ಅದು ಗೊತ್ತೇ ಇರಲಿಲ್ಲ. ನನ್ನ ಸಿಟ್ಟಿಗೆ ಹೆದರಿ ಇಬ್ಬರೂ ಮುಚ್ಚಿಟ್ಟಿದ್ದರು.

ಅವಳು ಬಾಗಿಲಲ್ಲಿ ನಿಂತೇ ಇದ್ದಳು. ನಾನು ಉಳಿದದ್ದನ್ನೆಲ್ಲ ಸುರಿದೆ. ತಳದಲ್ಲಿ ದೋಸೆ ಹಿಟ್ಟಿನಂಥ ಬಿಳಿ ಗಸಿ ಇತ್ತು. ಅದನ್ನೂ ನೀರು ಹಾಕಿ ತೊಳೆದೆ. ಫಿನಾಯಿಲ್ ಹಾಕಿ ನೆಲ ಉಜ್ಜಿದೆ, ಊದುಬತ್ತಿ ಹಚ್ಚಿದೆ. ಬಟ್ಟೆ ಬದಲಿಸಿ ಹೊರಬಂದಾಗ ಬೆಲ್ ಆಯಿತು.

ಮಂದೂಬ್ ವಯಸ್ಸಾದ ಈಜಿಪ್ಟಿನವನು. ಪಾದರಕ್ಷೆ ಹೊರಗೆ ಬಿಟ್ಟು ಒಳಗೆ ಬಂದು, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ನೀರು ಕೊಟ್ಟರೆ ಬೇಡವೆಂದ. ಕಾಗದಗಳನ್ನು ತೆಗೆದುಕೊಂಡು, "ಹಿ ವಾಸ್ ಗುಡ್ ಮ್ಯಾನ್, ಸಿಸ್ಟರ್," ಎಂದು ಐದೇ ನಿಮಿಷದಲ್ಲಿ ಎದ್ದು ಹೋದ. ಬಚ್ಚಲಿನ ಕಡೆ ಅವನು ತಿರುಗಿಯೂ ನೋಡಲಿಲ್ಲ. ಆಮೇಲೆ ಬಂದವರಲ್ಲೂ ಯಾರೂ ನೋಡಲಿಲ್ಲ. ಬಾಗಿಲು ಮುಚ್ಚಿಟ್ಟಿದ್ದರೂ ಸಾಕಾಗುತ್ತಿತ್ತು.

ಐದು ದಿನಕ್ಕೆ ಕಾಗದಗಳಾದವು. ಒಂದೇ ವಿಮಾನದಲ್ಲಿ ಕೆಳಗೆ ಪೆಟ್ಟಿಗೆಯಲ್ಲಿ ಅವರು, ಮೇಲೆ ನಾವಿಬ್ಬರು. ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತವಳು ಬೆಂಗಳೂರು ಬರುವವರೆಗೂ ತಿರುಗಲಿಲ್ಲ. ತಿಂಗಳೊಪ್ಪತ್ತಿನ ನಂತರ ನಾನೊಬ್ಬಳೇ ಮತ್ತೆ ಹೋಗಿ, ಮನೆ ಖಾಲಿ ಮಾಡಿ, ಇಕಾಮಾ ರದ್ದು ಮಾಡಿಸಿ ಬಂದೆ. ಕೆಳಗಿನ ಮನೆಯವರ ಹೆಂಡತಿ ಮೂರು ದಿನ ಊಟ ಹಾಕಿದರು. ಕೊಳದಪ್ಪಲೆಯನ್ನು ಅವರಿಗೇ ಕೊಟ್ಟುಬಿಟ್ಟೆ.

ಮೈಸೂರಿನಲ್ಲಿ ನಾವು ಒಂದು ಬಾಡಿಗೆ ಮನೆಯಲ್ಲಿ ನೆಲೆ ನಿಂತೆವು. ನಾನು ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮಗಳು ನನ್ನ ಜೊತೆ ಜಗಳವಾಡಲಿಲ್ಲ. ಅದೇ ಕಷ್ಟವಾಗಿತ್ತು. ಕೇಳಿದ್ದಕ್ಕೆ ಉತ್ತರ, ಬಡಿಸಿದಷ್ಟು ಊಟ. ಹೊಡೆದದ್ದಕ್ಕೆ ಎಷ್ಟೋ ಸಲ ಕ್ಷಮೆ ಕೇಳಬೇಕೆಂದು ಅವಳ ಕೋಣೆಯ ಬಾಗಿಲವರೆಗೆ ಹೋಗಿ ಫೀಸಿನ ವಿಷಯವನ್ನೋ ಬಟ್ಟೆಯ ವಿಷಯವನ್ನೋ ಮಾತಾಡಿ ವಾಪಸು ಬಂದಿದ್ದೇನೆ.

ಈಗ ಅವಳು ಬೇರೆ ಊರಿನಲ್ಲಿ ಕಾಲೇಜು ಓದುತ್ತಿದ್ದಾಳೆ. ಕಳೆದ ರಜೆಯಲ್ಲಿ ಬಂದಾಗ, ಒಂದು ಮಧ್ಯಾಹ್ನ ಅವರೆಕಾಳು ಸುಲಿಯುತ್ತಿದ್ದ ನನ್ನ ಪಕ್ಕದಲ್ಲಿ ಬಂದು ಕೂತಳು. ತಾನೂ ನಾಲ್ಕು ಕಾಯಿ ಸುಲಿದಳು. ಆಮೇಲೆ ತಟ್ಟನೆ, ಕನ್ನಡದಲ್ಲೇ, "ಅಮ್ಮ, ಅಪ್ಪಂಗೂ ತುಂಬಾ ಭಯ ಆಗ್ತಿತ್ತು," ಅಂದಳು.

ನಾನು ಕೈ ನಿಲ್ಲಿಸಿದೆ.

"ಬೆಲ್ ಆದ್ರೆ ತಕ್ಷಣ ಬಚ್ಚಲ ದೀಪ ಆರಿಸಿಬಿಡೋರು. ನೀನು ಬೈದ ದಿನ ನಂಗೆ ಹೇಳಿದ್ರು, ಇದೇ ಲಾಸ್ಟ್, ಇದು ಮುಗಿದ ಮೇಲೆ ಮಾಡಲ್ಲ ಅಂತ. ಅಮ್ಮಂಗೆ ನೀನು ಹೇಳ್ಬೇಡ, ಅವಳ ಕೋಪ ಇಳೀಲಿ, ನಾನೇ ಹೇಳ್ತೀನಿ ಅಂದ್ರು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಪುಟ್ಟಾ?"

"ಹೇಳಿದ್ರೆ ನಿಂಗೆ ಇನ್ನೂ ಜಾಸ್ತಿ ನೋವಾಗುತ್ತೆ ಅಂತ ಗೊತ್ತಿತ್ತು. ಮೊದಮೊದಲು ಅದಕ್ಕೇ ಹೇಳ್ಬೇಕು ಅನ್ನಿಸ್ತಿತ್ತು. ಆಮೇಲೆ ಅದಕ್ಕೇ ಬೇಡ ಅನ್ನಿಸ್ತು."

ನಾನು ಅವಳ ಕೆನ್ನೆಯ ಮೇಲೆ ಕೈಯಿಟ್ಟೆ. ಅವಳು ಸರಿಯಲಿಲ್ಲ. ಕ್ಷಮಿಸು ಎಂಬ ಮಾತು ಆಗಲೂ ಬಾಯಿಂದ ಹೊರಡಲಿಲ್ಲ, ಅಳು ಬಂತು. ಅವಳೂ ಅತ್ತಳು. ಸಂಜೆಯವರೆಗೂ ಅವಳು ಅಪ್ಪನ ವಿಷಯ ಹೇಳುತ್ತ ಹೋದಳು, ಅವರು ಗುಳ್ಳೆ ಎಣಿಸುವಾಗ ತಪ್ಪಿ ಮತ್ತೆ ಮೊದಲಿಂದ ಶುರುಮಾಡುತ್ತಿದ್ದದ್ದು, ಬಚ್ಚಲಲ್ಲಿ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದದ್ದು. ಇಪ್ಪತ್ತು ವರ್ಷ ಜೊತೆಗಿದ್ದ ನಾನು ಅವರು ಹಾಡಿದ್ದನ್ನು ಒಮ್ಮೆಯೂ ಕೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಿ ಶಾಲೆಗೆ ಹೋದೆ.