ಹುಯಿಲು ಕೊಟ್ಟ ಮಧ್ಯಾಹ್ನ

ಹುಯಿಲು ಕೊಟ್ಟರೆ ದೈವ ಕೇಳುತ್ತದೆ ಎನ್ನುವವರನ್ನು ಕಂಡರೆ ನನಗೆ ಮೊದಲಿಂದಲೂ ತಾತ್ಸಾರ. ನಮ್ಮ ಕಡೆ ಅನ್ಯಾಯವಾಯಿತು ಎಂದು ಕಂಡರೆ ಪೊಲೀಸು ಠಾಣೆಗಿಂತ ಮೊದಲು ದೈವದ ಗುಡಿಗೆ ಹೋಗುವವರೇ ಹೆಚ್ಚು. ಅಲ್ಲಿ ಒಂದು ತೆಂಗಿನಕಾಯಿ ಇಟ್ಟು, ಅನ್ಯಾಯ ಮಾಡಿದವನ ಹೆಸರು ಹೇಳಿ, ‘ಇನ್ನು ನೀನೇ ನೋಡಿಕೋ’ ಎಂದು ಬಂದುಬಿಡುವುದು. ಅದೇ ಹುಯಿಲು. ಆಮೇಲೆ ಆ ಹೆಸರಿನವನ ದನ ಸತ್ತರೂ ಮಗುವಿಗೆ ಜ್ವರ ಬಂದರೂ ಊರಿಗೆಲ್ಲ ಕಾರಣ ಗೊತ್ತು. ಇಂಥದ್ದನ್ನು ನಂಬುವಷ್ಟು ದಡ್ಡ ನಾನಲ್ಲ ಎಂದು ಬಲೆ ಶೆಡ್ಡಿನಲ್ಲಿ ಕೂತು ಎಷ್ಟೋ ಸಲ ಭಾಷಣ ಬಿಗಿದಿದ್ದೇನೆ. ಈಗ ಇದನ್ನು ಓದಿ ನೀವು ನನ್ನನ್ನೇ ದಡ್ಡ ಎಂದರೆ ಬೇಸರವಿಲ್ಲ. ಹುಚ್ಚ ಎನ್ನುವ ಮೊದಲು ಮಾತ್ರ ಸ್ವಲ್ಪ ತಡೆಯಿರಿ, ಆ ವಿಷಯಕ್ಕೂ ಬರುತ್ತೇನೆ.

ಎರಡು ಸಾವಿರದ ಎರಡೋ ಮೂರೋ ಇಸವಿ. ಮರವಂತೆಯಲ್ಲಿ ಹರಿದ ಬಲೆ ಸರಿಮಾಡುವುದು ನನ್ನ ಕೆಲಸ. ವರ್ಷಕ್ಕೊಂದೆರಡು ಸಲ ನನಗೊಂದು ಹುರುಪು ಬರುತ್ತಿತ್ತು. ಎರಡು ತಾಸು ನಿದ್ರೆ ಮಾಡಿದರೆ ಸಾಕು, ನಾಲ್ಕು ಜನರ ಕೆಲಸ ಒಬ್ಬನೇ ಮಾಡುತ್ತಿದ್ದೆ. ಕೈ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ಸಿಟ್ಟು ಬಂದರೆ ಅದೂ ನಾಲ್ಕು ಜನರದ್ದು. ದೋಣಿಯವರೆಲ್ಲ ನನ್ನನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದರು. ವಾರ ಹತ್ತು ದಿನ ಕಳೆದು ಹುರುಪು ಇಳಿದರೆ ತಿಂಗಳುಗಟ್ಟಲೆ ಚಾಪೆ ಬಿಟ್ಟು ಏಳಲಾಗುತ್ತಿರಲಿಲ್ಲ. ಆಗ ಹೊಗಳಿದವರೇ ಸೋಮಾರಿ ಎನ್ನುತ್ತಿದ್ದರು. ಇದನ್ನು ರೋಗ ಎಂದು ಮಾತ್ರ ಯಾರೂ ಹೇಳಲಿಲ್ಲ.

ರೋಗ ಎಂದರೆ ನಮ್ಮ ಮನೆಯವರ ಲೆಕ್ಕದಲ್ಲಿ ಸೋದರಮಾವನಿಗೆ ಬಂದದ್ದು. ಅಬ್ಬಿಯ, ಅಂದರೆ ನನ್ನ ತಾಯಿಯ ತಮ್ಮ ಅವರು. ಮದುವೆಗೆ ಮೊದಲೇ ಒಮ್ಮೆ ತಲೆ ಕೆಟ್ಟಿತ್ತಂತೆ, ಹೆಣ್ಣಿನ ಕಡೆಯವರಿಗೆ ಮುಚ್ಚಿಟ್ಟು ಮದುವೆ ಮಾಡಿದ್ದರು. ನಾನು ಕಂಡಂತೆ, ಒಂದು ಸಲ ಹತ್ತು ದಿನ ಕಣ್ಣು ಮುಚ್ಚದೆ, ತಮ್ಮ ದೋಣಿಯನ್ನು ದಾರಿಹೋಕನಿಗೆ ಕೊಟ್ಟು, ಹೆದ್ದಾರಿಯ ನಡುವೆ ನಿಂತು ಈ ಸಮುದ್ರವೂ ತನ್ನದು ಆ ಹೊಳೆಯೂ ತನ್ನದು ಎಂದು ಬಸ್ಸುಗಳನ್ನು ತಡೆದಿದ್ದರು. ಕೊನೆಗೆ ಬಲೆಯ ಹಗ್ಗದಲ್ಲೇ ಕಟ್ಟಿ ಆಸ್ಪತ್ರೆಗೆ ಒಯ್ದರು.

ಆ ವರ್ಷ ನನ್ನ ತಂಗಿ ಸುಮತಿಗೆ ಬೈಂದೂರಿನಲ್ಲಿ ಸಂಬಂಧ ಕೂಡಿಬಂದಿತ್ತು. ಹುಡುಗನ ತಾಯಿ ನಮ್ಮ ಮನೆಗೆ ಬಂದು, ಊಟ ಮಾಡಿ, ಹಿತ್ತಿಲೆಲ್ಲ ಸುತ್ತಿ ಹೋಗಿದ್ದರು. ನಿಶ್ಚಯಕ್ಕೆ ನಾಲ್ಕು ದಿನ ಇದೆ ಎನ್ನುವಾಗ, ‘ನಿಮ್ಮಲ್ಲಿ ತಲೆ ಕೆಡುವ ಸಂತಾನವಂತೆ, ಹುಡುಗಿಯ ಅಣ್ಣನಿಗೂ ಶುರುವಾಗಿದೆಯಂತೆ, ನಮಗೆ ಬೇಡ’ ಎಂದು ಹೇಳಿ ಕಳಿಸಿದರು. ಸುಮತಿ ಎರಡು ದಿನ ಅನ್ನ ಮುಟ್ಟಲಿಲ್ಲ.

ಯಾರ ಬಾಯಿ ಇದು ಎಂದು ನಾನು ಯಾರನ್ನೂ ಕೇಳಲಿಲ್ಲ. ನನಗೆ ಗೊತ್ತಿತ್ತು. ದೊಡ್ಡಪ್ಪನ ಮಗ ಗೋವಿಂದ. ಅದೇ ಶೆಡ್ಡಿನಲ್ಲಿ ಬಲೆ ಸರಿಮಾಡುತ್ತಿದ್ದ, ಕೆಲಸದಲ್ಲಿ ನನಗಿಂತ ಒಂದು ಕೈ ಮೇಲು. ಹಿಂದಿನ ವಾರವಷ್ಟೇ, ನಾನು ಮೂರನೇ ದಿನ ನಿದ್ರೆಯಿಲ್ಲದೆ ಕೆಲಸ ಮಾಡುವಾಗ, ಎಲ್ಲರ ಎದುರು “ಹ್ವಾಯ್, ನಿಂಗೂ ಮಾವನ್ ಗಾಳಿ ಬಡಿತಾ ಎಂತ?” ಎಂದು ನಕ್ಕಿದ್ದ. ಮಾರನೇ ದಿನವೇ ಮೀನಿನ ಲಾರಿ ಹತ್ತಿ ಬೈಂದೂರಿಗೆ ಹೋಗಿದ್ದ. ಇನ್ನೇನು ಸಾಕ್ಷಿ ಬೇಕು? ಇಷ್ಟು ವರ್ಷವಾದರೂ ಆ ನಗು ನೆನೆದರೆ ನನಗೆ ಮೈ ಉರಿಯುತ್ತದೆ.

ಆಗ ನನಗೆ ಹುರುಪಿನ ದಿನಗಳು. ಸೇಡು ಎನ್ನುವುದು ಎಷ್ಟು ರುಚಿ ಎಂದು ಆಗ ತಿಳಿಯಿತು. ಹೊಡೆದರೆ ಎರಡು ದಿನದ ನೋವು, ಅಷ್ಟರಿಂದ ನನಗೆ ತೃಪ್ತಿಯಾಗುವ ಹಾಗಿರಲಿಲ್ಲ. ಊರಿಡೀ ಹೆದರುವ ಹುಯಿಲನ್ನೇ ಕೊಡುತ್ತೇನೆ, ನನಗೆ ನಂಬಿಕೆ ಇಲ್ಲದಿದ್ದರೆ ಏನಾಯಿತು, ಗೋವಿಂದನಿಗೆ ಇದೆಯಲ್ಲ, ಹೆದರಿ ಸಾಯಲಿ ಎಂದುಕೊಂಡೆ.

ಮಟಮಟ ಮಧ್ಯಾಹ್ನ ಹೊರಟೆ. ಹೊಳೆಯ ಬದಿಯಲ್ಲಿ ಗದ್ದೆ ಬಯಲಿನ ನಡುವೆ ನಮ್ಮ ದೈವದ ಪುಟ್ಟ ಗುಡಿ. ಕೊಯ್ಲಾಗಿ ಬರಿದಾದ ಗದ್ದೆ, ಸುತ್ತ ಒಂದು ಪೊದೆಯೂ ಇಲ್ಲ. ಆ ಹೊತ್ತಿಗೆ ಅಲ್ಲಿ ಯಾರೂ ಸುಳಿಯುವುದಿಲ್ಲ. ಮುಚ್ಚಿದ ಬಾಗಿಲ ಎದುರು ಕಾಯಿ ಇಟ್ಟೆ. ತಂಗಿಗೆ ಆದದ್ದನ್ನು ಗಟ್ಟಿಯಾಗಿ ಹೇಳಿ, ಗೋವಿಂದನ ಹೆಸರು ಹೇಳಿದೆ.

“ಹೇಳಿದ್ದ್ ಅವ ಅಲ್ಲ. ಮನಿಗ್ ಹೋಯ್ ಅಬ್ಬಿ ಹತ್ರ ಕೇಣ್.”

ಪಕ್ಕದಲ್ಲಿ ಕೂತವರು ಹೇಳಿದಷ್ಟು ಹತ್ತಿರ, ಅಷ್ಟು ಸಮಾಧಾನದ ದನಿ. ಗಂಡಸಿನದೋ ಹೆಂಗಸಿನದೋ ಎಂದು ಇವತ್ತಿಗೂ ಹೇಳಲಾರೆ. ತಿರುಗಿ ನೋಡಿದೆ. ಗುಡಿಗೆ ಎರಡು ಸುತ್ತು ಬಂದೆ. ಬಯಲಿನ ಆ ತುದಿಯವರೆಗೆ ಒಂದು ನಾಯಿಯೂ ಇರಲಿಲ್ಲ.

ಹೆದರಿದೆನೇ ಎಂದು ನೀವು ಕೇಳಬಹುದು. ಇಲ್ಲ, ಇನ್ನಷ್ಟು ಸಿಟ್ಟು ಬಂತು. ನನ್ನ ಬಾಯಿಗೆ ಬಂದ ಹೆಸರನ್ನು ಬೇಡ ಎನ್ನಲು ಇದ್ಯಾರು? ಬಾಗಿಲಿಗೆ ಮುಖ ಕೊಟ್ಟು ಗೋವಿಂದನ ಹೆಸರನ್ನು ಮೂರು ಸಲ ಕೂಗಿ ಹೇಳಿದೆ. ಆ ಕಡೆಯಿಂದ ಮತ್ತೆ ಮಾತಿಲ್ಲ. ಮನೆಗೆ ಬಂದು ಅಬ್ಬಿಯ ಹತ್ತಿರ ಏನನ್ನೂ ಕೇಳಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಆಳು ಕಡಿಮೆಯಾಯಿತೆಂದು ಗೋವಿಂದ ಒಂದು ಬೋಟಿಗೆ ಹೋಗಿದ್ದ. ಬಲೆ ಎಳೆಯುವಾಗ ಯಂತ್ರದ ಹಗ್ಗಕ್ಕೆ ಬಲಗೈ ಸಿಕ್ಕಿ ಮೂರು ಬೆರಳು ಹೋದವು. ಬಲೆ ಸರಿಮಾಡುವವನಿಗೆ ಬೆರಳು ಹೋದರೆ ಉಳಿದದ್ದೇನು? ಸುದ್ದಿ ಕೇಳಿದ ದಿನ ನಾನು ಬಂಗುಡೆ ಸಾರಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಮುಚ್ಚಿಡುವುದಿಲ್ಲ, ಅಷ್ಟು ಖುಷಿ ನನಗೆ ಜನ್ಮದಲ್ಲಿ ಆಗಿರಲಿಲ್ಲ. “ಸುಮತಿ ಮದಿ ಮುರ್ದವನಿಗೆ ಸಮಾ ಆಯ್ತ್” ಎಂದು ಗಟ್ಟಿಯಾಗಿಯೇ ಹೇಳಿದೆ.

ಬಡಿಸುತ್ತಿದ್ದ ಅಬ್ಬಿ ಅಲ್ಲೇ ಕೂತುಬಿಟ್ಟಳು. “ಅವ ಎಂತ ಮಾಡ್ದ? ಬೈಂದೂರಿನವ್ರಿಗೆ ಹೇಳಿದ್ದ್ ನಾನ್” ಎಂದಳು. ಹುಡುಗನ ತಾಯಿ ಬಾವಿಕಟ್ಟೆಯ ಹತ್ತಿರ ಇವಳ ಕೈ ಹಿಡಿದು, ತಮ್ಮನಿಗಿದ್ದದ್ದು ಮಕ್ಕಳಿಗೇನಾದರೂ ಇದೆಯೇ ಎಂದು ಕೇಳಿದ್ದರಂತೆ, ಇವಳು ನನ್ನ ಹುರುಪು ಮಂಕು ಎಲ್ಲ ಹೇಳಿದ್ದಳಂತೆ. “ಹೆಣ್ಣ್ ಕೊಡುವತಿಗೆ ಸುಳ್ಳ್ ಹೇಳುಕಾತ್ತಾ? ಸುಳ್ಳ್ ಹೇಳಿ ತಮ್ಮನ್ ಮದಿ ಮಾಡಿ, ಆ ಹೆಣ್ಣಿನ್ ಬದ್ಕ್ ಎಂತ ಆಯ್ತ್ ಅಂತ ನಾನ್ ಕಣ್ಣಾರೆ ಕಂಡದ್ದಲ್ದಾ?”

ಊಟ ಬಿಟ್ಟು ಎದ್ದೆ. ಆ ರಾತ್ರಿಯೇ ಮಲಗಿದವನು ಮೂರು ತಿಂಗಳು ಏಳಲಿಲ್ಲ.

ಕೊನೆಗೆ ಸುಮತಿಯೇ ನನ್ನನ್ನು ಬ್ರಹ್ಮಾವರದಲ್ಲಿ ವಾರಕ್ಕೊಮ್ಮೆ ಬಂದು ಕೂರುವ ಮನೋವೈದ್ಯರ ಹತ್ತಿರ ಕರೆದೊಯ್ದಳು. ಅವರು ತಾಳ್ಮೆಯಿಂದ ಎಲ್ಲ ಕೇಳಿ, ಬೈಪೋಲಾರ್ ಎನ್ನುವ ಹೆಸರು ಹೇಳಿದರು. “ನಿಮ್ಮ ಮಾವನಿಗೆ ಬಂದದ್ದು ಮೇನಿಯಾ. ಅದರಲ್ಲಿ ಬದುಕೇ ಬುಡಮೇಲಾಗುತ್ತದೆ, ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ನಿಮ್ಮದು ಹೈಪೋಮೇನಿಯಾದ ಹಾಗೆ ಕಾಣುತ್ತದೆ. ಹುರುಪು, ನಿದ್ರೆ ಬೇಡ ಅನ್ನಿಸುವುದು, ಸಿಟ್ಟು ಎಲ್ಲ ಇರುತ್ತದೆ, ಜೊತೆಯವರಿಗೂ ಬದಲಾವಣೆ ಗೊತ್ತಾಗುತ್ತದೆ, ಆದರೆ ಕೆಲಸ ಸಂಸಾರ ಹೇಗೋ ನಡೆಯುತ್ತದೆ” ಎಂದರು. ಹಗುರ ಎಂದು ಬಿಟ್ಟುಬಿಡುವಂಥದ್ದಲ್ಲ, ಇಳಿದಾಗಿನ ಮಂಕೇ ಪ್ರಾಣಕ್ಕೆ ಬರಬಹುದು ಎಂದೂ ಎಚ್ಚರಿಸಿದರು. ಆಮೇಲೆ ಪೆನ್ನು ಹಿಡಿದು ಕೇಳಿದರು: “ಹುರುಪು ಇದ್ದಾಗ ಯಾರೂ ಇಲ್ಲದೆ ಮಾತು ಕೇಳಿಸಿದ್ದು, ಇಲ್ಲದ್ದು ಕಂಡದ್ದು ಏನಾದರೂ ಉಂಟಾ? ಹಾಗಿದ್ದರೆ ಅದನ್ನು ಹೈಪೋಮೇನಿಯಾ ಅನ್ನುವುದಿಲ್ಲ, ಮೇನಿಯಾ ಎಂದೇ ಲೆಕ್ಕ.”

ಸುಮತಿ ನನ್ನ ಮುಖ ನೋಡುತ್ತಿದ್ದಳು. ಹಗ್ಗದಲ್ಲಿ ಕಟ್ಟಿದ ಮಾವ ಕಣ್ಣಿಗೆ ಬಂದರು. ಇಲ್ಲ ಎಂದೆ. ಅವರು ಹಾಗೇ ಬರೆದುಕೊಂಡರು.

ಅಂದಿನಿಂದ ಮಾತ್ರೆ ತಪ್ಪಿಸಿಲ್ಲ. ಏಳು ತಾಸು ನಿದ್ರೆ ಮಾಡುತ್ತೇನೆ. ಸುಮತಿಗೂ ಬೇರೆ ಕಡೆ ಮದುವೆಯಾಯಿತು. ಆದರೆ ಆ ದನಿಯನ್ನು ಎಲ್ಲಿಡಬೇಕೆಂದು ನನಗೆ ಗೊತ್ತಾಗಿಲ್ಲ. ಅದು ರೋಗದ್ದು ಎಂದರೆ ನನ್ನ ಹುಯಿಲಿಗೆ ಬೆಲೆಯಿಲ್ಲ, ಗೋವಿಂದನ ಬೆರಳಿಗೂ ನನಗೂ ಸಂಬಂಧವಿಲ್ಲ, ಆದರೆ ನಾನು ಮಾವನ ಸಾಲಿನವನು. ರೋಗದ್ದಲ್ಲ ಎಂದರೆ, ಹೇಳಿದರೂ ಕೇಳದೆ ತಪ್ಪು ಹೆಸರನ್ನು ಮೂರು ಸಲ ಕೂಗಿದವನು. ಸರಿ, ರೋಗದ್ದೇ ಎಂದುಕೊಳ್ಳೋಣ. ಅಬ್ಬಿ ಬಾವಿಕಟ್ಟೆಯಲ್ಲಿ ಆಡಿದ ಮಾತು ನನ್ನ ರೋಗಕ್ಕೆ ಹೇಗೆ ತಿಳಿಯಿತು?

ಕೆಲವು ವರ್ಷಗಳ ಹಿಂದೆ ಗೋವಿಂದ ತಾನಾಗಿ ಮನೆಗೆ ಬಂದ. ಕೂರಲಿಲ್ಲ. “ನೀ ನನ್ ಮೇಲ್ ಹುಯ್ಲ್ ಕೊಟ್ಟಿದ್ಯಂಬ್ರ್, ಹೌದಾ? ಮಗ್ಳಿಗೆ ಎಲ್ಲೂ ಸಂಬಂಧ ಕೂಡಿ ಬತ್ತಿಲ್ಲೆ. ಇದ್ರೆ ಹೇಳ್ ಮಾರಾಯಾ, ಒಟ್ಟಿಗ್ ಹೋಪ, ತೆಗ್ಸುವ” ಎಂದ. ಹುಯಿಲು ತೆಗೆಯಬೇಕಾದರೆ ಕೊಟ್ಟವನೂ ಹೆಸರಿನವನೂ ದೈವದ ಎದುರು ಒಟ್ಟಿಗೆ ನಿಲ್ಲಬೇಕು, ನಡೆದದ್ದನ್ನು ಬಾಯಿಬಿಟ್ಟು ಹೇಳಬೇಕು.

“ಇಲ್ಲೆ, ಯಾರ್ ಹೇಳಿದ್?” ಎಂದೆ.

ಅವನು ನಂಬಿದನೋ ಇಲ್ಲವೋ, ತಲೆಯಾಡಿಸಿ ಹೊರಟುಹೋದ. ಅವನ ಬಗ್ಗಿದ ಬೆನ್ನನ್ನು ನೋಡುತ್ತ ನಿಂತಾಗ, ತಪ್ಪು ಅವನದ್ದಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ, ಒಳಗೆಲ್ಲೋ ನನಗೆ ಸ್ವಲ್ಪ ಖುಷಿಯಾಯಿತು. ಆಗ ನನಗೆ ಹುರುಪೂ ಇರಲಿಲ್ಲ, ಮಂಕೂ ಇರಲಿಲ್ಲ. ಅದು ಯಾವುದರ ಲಕ್ಷಣ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.