ಕೂಸಿನ ಕೈಪಟ್ಟಿಯ ಮೇಲೆ ಯಾರ ಹೆಸರು?

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ನರ್ಸ್ ರಕ್ತದ ಚೀಲ ತಿರುಗಿಸಿ ನೋಡಿದರು. ಕೂಸಿನ ಕೈಪಟ್ಟಿ ನೋಡಿದರು. ಮತ್ತೆ ಚೀಲ ನೋಡಿದರು.

“ಇದು ಈ ಕೂಸಿಂದಲ್ರಿ ಅಣ್ಣಾರ. ಚೀಲದ ಮ್ಯಾಲ ಹೊನವಾಡ ಅಂತೈತಿ, ಕೈಯಾಗ ಮಮದಾಪುರ ಐತಿ. ಹೆಂಗ ಏರಸ್ಲಿ?”

ವಿಜಯಪುರದ ಒಂದು ಆಸ್ಪತ್ರೆ. ನನ್ನ ತಂಗಿ ಸವಿತಾಳ ನಾಲ್ಕು ದಿನದ ಮಗಳು. ಕಾಮಣಿ ಏರಿ ಮೈಯೆಲ್ಲ ಅರಿಶಿಣ. ಬೇಗ ರಕ್ತ ಬದಲಿಸದಿದ್ದರೆ ಮಿದುಳಿಗೇ ಅಪಾಯ ಎಂದಿದ್ದರು ಡಾಕ್ಟರ್.

ಆಗಿದ್ದಿಷ್ಟು. ನಾವು ತಿಕೋಟಾದವರು, ಅಡ್ಡಹೆಸರು ಹೊನವಾಡ. ಬೀಗರು ಬಬಲೇಶ್ವರದವರು, ಅಡ್ಡಹೆಸರು ಮಮದಾಪುರ. (ಬಿಟ್ಟು ಬಂದ ಊರನ್ನು ಹೆಸರಲ್ಲಿ ಹೊತ್ತು ತಿರುಗುವುದರಲ್ಲಿ ಎರಡೂ ಮನೆ ಒಂದೇ.) ತಂಗಿಯ ಆಧಾರ್ ಇನ್ನೂ ತವರಿನ ಹೆಸರಲ್ಲೇ ಇತ್ತು. ಆಸ್ಪತ್ರೆಯವರು ಕೂಸನ್ನೂ ಹಾಗೇ ಬರೆದುಕೊಂಡಿದ್ದರು. ನಾನು ರಕ್ತ ತರಲು ಹೋದಾಗ ಬೀಗರು, ಅಂದರೆ ತಂಗಿಯ ಮಾವ, ಕೌಂಟರ್‌ ಮುಂದೆ ನಿಂತು ಕೂಸಿನ ಅಡ್ಡಹೆಸರು ತಿದ್ದಿಸಿ, ಕೈಪಟ್ಟಿಯನ್ನೂ ಬದಲಿ ಮಾಡಿಸಿಬಿಟ್ಟಿದ್ದರು!

“ನಮ್ಮ ಮನಿ ಕೂಸಿಗೆ ನಿಮ್ಮ ಅಡ್ಡಹೆಸರು ಹೆಂಗ ಒಪ್ಪತೈತ್ರಿ?” ಎನ್ನುವಾಗಲೇ ಅವರ ದನಿ ಇಳಿದಿತ್ತು.

“ಕೂಸು ಉಳದ್ರ ಅಲ್ಲೇನ್ರಿ ಮಾವಾರ, ಹೆಸರು?” ಎಂದಳು ಸವಿತಾ.

ಮತ್ತೆ ಸ್ಯಾಂಪಲ್, ಮತ್ತೆ ತಪಾಸಣೆ, ಹೊಸ ಚೀಲ. ಒಂದೂವರೆ ತಾಸು! ನರ್ಸ್ ಮಾಡಿದ್ದೇ ಸರಿ. ಆದರೂ ನಾನು ರಕ್ತ ಹಿಡಿದು ತಂದ ಥರ್ಮೋಕೋಲ್ ಡಬ್ಬಿಯ ತಂಪು ಇನ್ನೂ ನನ್ನ ಅಂಗೈ ಬಿಟ್ಟಿಲ್ಲ.

ಆ ಹೊತ್ತಿನಲ್ಲಿ ನನಗೆ ನೆನಪಾಗಿದ್ದೇನು ಗೊತ್ತೆ? ನಮ್ಮ ಬಚ್ಚಲಿನ ಹಿತ್ತಾಳೆ ಕೊಡ. ಅವ್ವನ ಮದುವೆಯಲ್ಲಿ ತವರಿನವರು ಕೊಟ್ಟದ್ದು. ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅವ್ವನ ಹೆಸರು, ಕೊನೆಗೆ ಅವಳ ತವರಿನ ಅಡ್ಡಹೆಸರು ‘ಕಾಖಂಡಕಿ’. ಮೈಗೆ ಸಾಬೂನು ಹಚ್ಚಿಸಿಕೊಳ್ಳುತ್ತಲೇ ಸವಿತಾ ಆ ಚುಕ್ಕಿಗಳ ಮೇಲೆ ಬೆರಳಾಡಿಸಿ ಅಕ್ಷರ ಕಲಿತಳು.

“ಇದ್ಯಾರ ಹೆಸರ ಬೇ?”

“ನಂದs. ಮೊದಲಿಂದು.” ಇಷ್ಟು ಹೇಳಿ ಅವ್ವ ಮತ್ತೊಂದು ತಂಬಿಗೆ ನೀರು ಸುರಿಯುತ್ತಿದ್ದಳು.

ಮುಂದೆ ನಾವಿಬ್ಬರೂ ವಿಜಯಪುರದ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಕಂಡಕ್ಟರ್ ಪಾಸ್ ಕೇಳುತ್ತಲೇ ಇರಲಿಲ್ಲ. “ಹೊನವಾಡ ಜೋಡಿ ಬಂತು, ಒಳಗ ಸರೀರ್ಯೋ!” ಸವಿತಾಳ ಮದುವೆಯಲ್ಲಿ ಆ ಜೋಡಿ ಮುರಿಯಿತು. ಯಾರಿಗಾದರೂ ಹೊಳೆಯಿತೆ? ನಾನಂತೂ ಊಟ ಬಡಿಸುತ್ತಿದ್ದೆ.

ಕೆಲವು ದೇಶಗಳಲ್ಲಿ ಮಗುವಿಗೆ ಅಪ್ಪ-ಅವ್ವ ಇಬ್ಬರ ಅಡ್ಡಹೆಸರೂ ಇಡಲು ಕಾನೂನಿದೆಯಂತೆ. ಯಾವುದು ಮೊದಲು ಎಂದು ಜಗಳವಾದರೆ ಅಕ್ಷರಮಾಲೆ ನೋಡುತ್ತಾರೆ, ಇಲ್ಲವೇ ಚೀಟಿ ಎತ್ತುತ್ತಾರೆ. ನಮ್ಮಲ್ಲಿ ಅದರ ಗೊಡವೆ ಯಾಕೆ? ಬೀಗರಿದ್ದಾರಲ್ಲ!

ಕೂಸು ಉಳಿಯಿತು. ಆದರೆ ನಮ್ಮ ಮನೆಗೆ ಬಂದ ಮೇಲೂ ಕೂಸು ಮಿಸುಕಿದರೆ ಸಾಕು, ಎಲ್ಲರೂ ಎದ್ದು ಕೂರುತ್ತಿದ್ದೆವು.

ಜನನ ಪ್ರಮಾಣಪತ್ರಕ್ಕೆ ಹೆಸರು ಕೊಡುವ ದಿನ ಬೀಗರೇ ಫೋನ್ ಮಾಡಿದರು. “ಎರಡೂ ಬರಸ್ರಿ. ನಿಮ್ಮದs ಮೊದಲ ಇರ್ಲಿ.” ಅಷ್ಟು ಹೇಳಿ ಫೋನ್ ಇಟ್ಟರು.

ಅಂದು ರಾತ್ರಿ ಮನೆಮಂದಿಯೆಲ್ಲ ಬೆಳತನಕ ನಿದ್ದೆ ಮಾಡಿದೆವು. ಬೆಳಿಗ್ಗೆ ಕೂಸಿಗೆ ಎರೆಯಲು ಅದೇ ಕೊಡದಿಂದ ನೀರು ಬಗ್ಗಿಸುತ್ತ ಅವ್ವ ಕೇಳಿದಳು: “ಹಂಗಾರ ನಂದೆಲ್ಲಿ ಬರೀತೀ ಯಪ್ಪಾ?”